ಮೊದಲು ಎದುರಿನವರ ಮಾತು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವರು ನನ್ನ ಅಣ್ಣ ಅತ್ತಿಗೆಯನ್ನು ಕಂಡವರಲ್ಲ. ನಮ್ಮ ಮನೆಯಲ್ಲಿ ಜಗಳ ಶುರುವಾಗುತ್ತಿದ್ದುದೇ ಉಂಡ ಮೇಲೆ. ಭಾನುವಾರ ಮಧ್ಯಾಹ್ನ ತಟ್ಟೆ ಎತ್ತಿ, ಮೇಜು ಒರೆಸಿ, ಚಹಾಕ್ಕೆ ನೀರಿಟ್ಟರೆ ಸಾಕು, ಈ ಲೋಕವನ್ನು ದೇವರು ಮಾಡಿದನೋ ಅಥವಾ ಅದು ತಾನಾಗಿಯೇ ಆಯಿತೋ ಎಂಬ ವ್ಯಾಜ್ಯ ಎದ್ದು ಕೂರುತ್ತಿತ್ತು. ಮದುವೆಯಾದಾಗಿನಿಂದ ಅದು ಇತ್ಯರ್ಥವಾಗಲಿಲ್ಲ. ಚಹಾ ಆರಿಹೋಗುತ್ತಿತ್ತು, ಅಷ್ಟೇ.

ಅಣ್ಣನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅತ್ತಿಗೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ನಾನು ಹಲ್ಲು ಕಟ್ಟುವವಳು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಹಿಂದಿನ ಕೋಣೆಯಲ್ಲಿ ಕೂತು ಗುಲಾಬಿ ಮೇಣದಲ್ಲಿ ವಸಡು ಮಾಡಿ, ಅದರಲ್ಲಿ ಹಲ್ಲು ಸಾಲಾಗಿ ಕೂರಿಸುವವಳು. ಮದುವೆ ಗಿದುವೆ ನನಗೆ ಆಗಿಬರಲಿಲ್ಲ, ಹಾಗಾಗಿ ಆ ಮನೆಯಲ್ಲೇ ಉಳಿದೆ. ನಮ್ಮದನ್ನು ಬೀದಿಯವರು ‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲಿನ ಮನೆ’ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಕಣ್ಣು ಮಂಜಾದಾಗ ಕೆಳಗಿನ ಬಾಗಿಲಿಗೂ, ಕಟ್ಟಿಸಿಕೊಂಡ ಹಲ್ಲು ಸಡಿಲವಾದಾಗ ಮೇಲಿನ ಬಾಗಿಲಿಗೂ ಬರುತ್ತಿದ್ದರು.

ಅವರಿಬ್ಬರ ಮದುವೆಯಾದದ್ದೂ ವಾದದಿಂದಲೇ. ಅತ್ತಿಗೆ ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಕರಿಹಲಗೆಯ ಅಕ್ಷರ ಮಂಜಾಗಿ ಕಾಣುತ್ತದೆಂದು ಅಂಗಡಿಗೆ ಬಂದರು. ಅಣ್ಣ ಅವರ ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, “ಹೀಗೆ ಚೆನ್ನಾಗಿದೆಯಾ, ಹಾಗೆ ಚೆನ್ನಾಗಿದೆಯಾ?” ಎಂದು ಕೇಳುತ್ತಿದ್ದ. ಆ ನಡುವೆಯೇ, “ನೋಡಿ ಮೇಡಂ, ಇಷ್ಟು ನಾಜೂಕಾದ ಕಣ್ಣು ತಾನಾಗಿ ಆಗುತ್ತಾ? ಯಾರೋ ಕೂತು ಮಾಡಿದ್ದು” ಎಂದ.

“ಕೂತು ಮಾಡಿದ್ದರೆ ನಾನು ಇಲ್ಲಿ ಬಂದು ಕೂರಬೇಕಾಗಿತ್ತಾ?” ಎಂದರಂತೆ ಅತ್ತಿಗೆ.

ಆ ಕನ್ನಡಕ ಎರಡು ದಿನದಲ್ಲಿ ಆಗಬೇಕಾದದ್ದು. ಅಣ್ಣ ಏನೇನೋ ನೆಪ ಹೇಳಿ ತಿಂಗಳು ಎಳೆದ. ಅತ್ತಿಗೆಯೂ ತಕರಾರು ತೆಗೆಯದೆ ವಾರಕ್ಕೆ ಮೂರು ಸಲ ಬಂದು ವಿಚಾರಿಸಿದರು. ಅಷ್ಟಾದ ಮೇಲೆ ನಮ್ಮ ಅಮ್ಮನೇ ಹೋಗಿ ಅವರ ಮನೆಯಲ್ಲಿ ಮಾತಾಡಿ ಬಂದಳು.

ಆ ಮೇಜಿಗೆ ಒಂದು ನಿಯಮವಿತ್ತು. ಅತ್ತಿಗೆ ಅದನ್ನು ತರಗತಿಯಿಂದ ತಂದದ್ದು. ಎದುರಿನವರ ಮಾತನ್ನು, ಅವರೇ ತಲೆದೂಗುವಷ್ಟು ಚೆನ್ನಾಗಿ, ಮೊದಲು ನೀವು ಹೇಳಬೇಕು. ಅವರು “ಪಾಸು” ಅಂದ ಮೇಲೆ ನಿಮ್ಮ ಮಾತು. ಇಲ್ಲದಿದ್ದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಕೂಗಾಡಿ ಎದ್ದು ಹೋಗುತ್ತಾರೆ ಎಂಬುದು ಅತ್ತಿಗೆಯ ಅನುಭವ. ಹೊಸದಾಗಿ ಬಂದ ನೆಂಟರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ದಿನಾ ಬೆಳಿಗ್ಗೆ ಕಣ್ಮುಚ್ಚಿ ಪ್ರಾರ್ಥನೆ ಮಾಡುವ ಅಣ್ಣ ಮಂಗನ ಪರವಾಗಿಯೂ, ಪ್ರಾರ್ಥನೆ ಎಂದರೆ ಮೂಗು ಮುರಿಯುವ ಅತ್ತಿಗೆ ದೇವರ ಪರವಾಗಿಯೂ ಮಾತಾಡುವುದನ್ನು ಕೇಳಿ, ಇವರಲ್ಲಿ ಯಾರು ಯಾವ ಕಡೆ ಎಂದು ನನ್ನ ಕಿವಿಯಲ್ಲಿ ಕೇಳುತ್ತಿದ್ದರು.

ವಾದಕ್ಕೆ ಕೂರುವ ಮುಂಚೆ ಅಣ್ಣ ಅತ್ತಿಗೆಯ ಮುಖದಿಂದ ಕನ್ನಡಕ ಬಿಡಿಸಿಕೊಂಡು, ಜೇಬಿನ ಮೆತ್ತನೆ ಬಟ್ಟೆಯಿಂದ ಒರೆಸಿ, ತಾನೇ ವಾಪಸು ಹಾಕುತ್ತಿದ್ದ. “ಈಗ ಸರಿಯಾಗಿ ನೋಡಿ ಮೇಷ್ಟ್ರೇ” ಎನ್ನುತ್ತಿದ್ದ. ಉಳಿದ ಹೊತ್ತೆಲ್ಲ ‘ನೀನು’, ‘ಏ ಇವಳೇ’. ಮೇಜಿಗೆ ಕೂತರೆ ಮಾತ್ರ ‘ನೀವು’, ‘ಮೇಷ್ಟ್ರೇ’. ಅತ್ತಿಗೆ ಅವನನ್ನು ‘ಡಾಕ್ಟ್ರೇ’ ಎಂದು ಕಿಚಾಯಿಸುತ್ತಿದ್ದರು.

“ಮೇಷ್ಟ್ರ ಪಕ್ಷ ಹೀಗೆ,” ಎಂದು ಅಣ್ಣ ಶುರುಮಾಡುತ್ತಿದ್ದ. “ಕಣ್ಣು ಒಂದೇ ಏಟಿಗೆ ಆಗಿದ್ದಲ್ಲ. ಮೊದಲು ಬೆಳಕು ಕತ್ತಲೆ ಗೊತ್ತಾಗೋ ಒಂದು ಚುಕ್ಕೆ. ಆ ಚುಕ್ಕೆ ಗುಳಿ ಬಿತ್ತು, ಬೆಳಕು ಯಾವ ಕಡೆಯಿಂದ ಅಂತ ತಿಳೀತು. ಒಂಚೂರು ಚೆನ್ನಾಗಿ ಕಂಡದ್ದು ಒಂಚೂರು ಜಾಸ್ತಿ ಬದುಕ್ತು, ಅದರ ಮರಿಗಳೂ ಬದುಕಿದವು. ಹೀಗೇ ಕೋಟಿಗಟ್ಟಲೆ ವರ್ಷ. ಸರೀನಾ?”

“ಪಾಸು.”

“ಈಗ ನನ್ನ ಮಾತು. ಆ ಚುಕ್ಕೆಗೆ ಬೆಳಕು ಬೇಕು ಅಂತ ಅನ್ನಿಸಿದ್ದಾದ್ರೂ ಯಾಕೆ?”

“ಅನ್ನಿಸಲಿಲ್ಲ ಡಾಕ್ಟ್ರೇ. ಯಾರಿಗೂ ಏನೂ ಅನ್ನಿಸಲಿಲ್ಲ. ಇನ್ನೊಂದು ಕೇಳಿ. ನಮ್ಮ ಕಣ್ಣಿನಲ್ಲಿ ನರಗಳು ಬೆಳಕು ಬೀಳೋ ಪರದೆಯ ಮುಂದೆ ಹಾದು ಹೋಗ್ತವೆ. ಹಿಂದಕ್ಕೆ ಹೋಗೋಕೆ ಪರದೆಗೇ ಒಂದು ತೂತು. ಆ ತೂತಿನ ಜಾಗದಲ್ಲಿ ಏನೂ ಕಾಣಲ್ಲ. ನಿಮ್ಮ ಅಂಗಡೀಲಿ ಯಾರಾದ್ರೂ ಹೀಗೆ ಕೆಲಸ ಮಾಡಿದ್ರೆ ಇಟ್ಕೊಳ್ತೀರಾ?”

“ಇಟ್ಕೊಳ್ಳಲ್ಲ. ಆದ್ರೆ ಅಷ್ಟು ದೊಡ್ಡ ತೂತು ಬಿಟ್ಟ ಮೇಲೂ ಇವತ್ತಿನವರೆಗೆ ಒಬ್ಬ ಗಿರಾಕಿ ಬಂದು ತೂತಿದೆ ಅಂತ ದೂರು ಹೇಳಿಲ್ಲ. ಅಂಥ ಕೆಲಸಗಾರ ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ.”

ಅತ್ತಿಗೆ ನಗು ತಡೆಯುತ್ತಿದ್ದರು. ಅಣ್ಣ ಬಿಡುತ್ತಿರಲಿಲ್ಲ. “ನಿಮ್ಮ ವಿಜ್ಞಾನ ಎಲ್ಲಿಗೆ ಹೋಗಿ ನಿಲ್ಲುತ್ತೆ, ಅದನ್ನ ಹೇಳಿ.”

“ಗೊತ್ತಿಲ್ಲ ಅನ್ನೋ ಜಾಗದಲ್ಲಿ. ಅಲ್ಲಿ ನಿಂತು ಕಾಯುತ್ತೆ. ನಿಮ್ಮ ಹಾಗೆ ಅಲ್ಲೇ ಮನೆ ಕಟ್ಟಿ ಸಂಸಾರ ಹೂಡಲ್ಲ.”

“ಕಾಯೋಕೆ ನಮಗೆಲ್ಲ ಅಷ್ಟು ಆಯುಸ್ಸು ಎಲ್ಲಿದೆ ಮೇಷ್ಟ್ರೇ?”

ಕೊನೆಗೆ ವಾದ ಸಾವಿಗೆ ಬಂದು ಮುಟ್ಟುತ್ತಿತ್ತು. ಅತ್ತಿಗೆಯದು ಒಂದೇ ಮಾತು: “ದೀಪ ಆರಿದ ಮೇಲೆ ಬೆಳಕು ಎಲ್ಲಿಗೆ ಹೋಯ್ತು ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ. ಎಲ್ಲಿಗೂ ಹೋಗಲ್ಲ. ಆರುತ್ತೆ, ಅಷ್ಟೇ.” ಈ ಮಾತಿಗೆ ಅಣ್ಣ ಮೈಯೆಲ್ಲ ಬಿಸಿಯಾಗಿ ಕುರ್ಚಿಯ ತುದಿಗೆ ಬರುತ್ತಿದ್ದ. “ಆರಿಸಿದವನು ಒಬ್ಬ ಇದ್ದಾನಲ್ಲ, ಅವನ ಜೇಬಲ್ಲಿ ಬೆಂಕಿಪೊಟ್ಟಣ ಇರುತ್ತೆ. ಇಟ್ಕೊಂಡೇ ಇರ್ತಾನೆ!”

ನನ್ನನ್ನು ಕೇಳಿದರೆ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಿದ್ದೆ. ದೇವರು ಮಾಡಿದ್ದರೆ, ಹಲ್ಲಿನ ಸರದಿ ಬಂದಾಗ ಅವನ ಗಮನ ಬೇರೆಲ್ಲೋ ಇತ್ತು. ತಾನಾಗಿ ಆಗಿದ್ದರೆ, ಇನ್ನೊಂದಿಷ್ಟು ಕೋಟಿ ವರ್ಷ ಬೇಕಿತ್ತು. ಎರಡರಲ್ಲಿ ಯಾವುದಾದರೂ ನನ್ನ ಹೊಟ್ಟೆಪಾಡಿಗೆ ಒಳ್ಳೆಯದೇ ಆಯಿತು.

ಮೇಜಿಗೆ ಬರಬಾರದ ವಿಷಯ ಒಂದಿತ್ತು. ಅದು ಪುಟ್ಟಿ.

ಪುಟ್ಟಿ ಅವರ ಒಬ್ಬಳೇ ಮಗಳು. ಆರು ವರ್ಷ ತುಂಬಿದ್ದಾಗ ಮೆದುಳುಜ್ವರ ಬಂತು, ಬಂದದ್ದು ಮಗುವನ್ನು ಕರೆದುಕೊಂಡೇ ಹೋಯಿತು. ನನ್ನ ಮೇಣದಲ್ಲಿ ಆನೆ ಮಾಡಿ ಅದಕ್ಕೆ ನನ್ನ ಹಲ್ಲುಗಳನ್ನೇ ಕದ್ದು ದಂತ ಇಡುತ್ತಿದ್ದ ಪೋರಿ. ಅವಳು ಹೋದ ಮೇಲೆ ಅಣ್ಣ ಎದ್ದು ಓಡಾಡುವಂತಾದದ್ದು ಒಂದೇ ಕಾರಣಕ್ಕೆ. ಮಗು ದೇವರ ಹತ್ತಿರ ಇದೆ, ಒಂದು ದಿನ ಹೋಗಿ ಕರೆದುಕೊಳ್ಳುತ್ತೇನೆ ಎಂದು ಅವನು ನಂಬಿದ್ದ. ಸುಮ್ಮನೆ ಬಾಯಿಮಾತಿಗೆ ಅಲ್ಲ, ಸಂಜೆ ಶಾಲೆಯ ಬಾಗಿಲಿಗೆ ಹೋಗಿ ಕರೆತರುವಷ್ಟು ಖಂಡಿತವಾಗಿ ನಂಬಿದ್ದ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಗಲ್ಲಾದ ಮೇಲಿನ ಅವಳ ಫೋಟೋಕ್ಕೆ, “ಬರ್ತೀನಿ ಕಂದಾ, ಸ್ವಲ್ಪ ತಡ ಆಗುತ್ತೆ” ಎನ್ನುತ್ತಿದ್ದ.

ಅತ್ತಿಗೆಗೆ ಆ ಅನುಕೂಲ ಇರಲಿಲ್ಲ. ಅವರು ಬರಿಗೈಯಲ್ಲಿ ದುಃಖ ಹೊತ್ತರು. ಆದರೆ ಅಣ್ಣನ ಆ ಮಾತನ್ನು ಒಂದು ದಿನವೂ ಅಲ್ಲಗಳೆಯಲಿಲ್ಲ, ಒಂದು ದಿನವೂ ಹೂಂ ಎನ್ನಲೂ ಇಲ್ಲ. ಅತ್ತಿಗೆ ಸುಳ್ಳು ಹೇಳುವವರಲ್ಲ ಎಂಬುದು ನಮ್ಮ ಬೀದಿಗೇ ಗೊತ್ತಿತ್ತು. ಹಾಡು ಹೇಗಿತ್ತು ಎಂದು ಕೇಳಿದ ಹೆಂಗಸಿಗೆ “ಶ್ರುತಿ ಇರಲಿಲ್ಲ” ಎಂದು ಹೇಳಿ ಬಂದವರು ಅವರು.

ಅಣ್ಣನ ಮರೆವಿನ ಕಾಯಿಲೆ ಮೊದಲು ಅಂಗಡಿಯಲ್ಲಿ ಕಾಣಿಸಿಕೊಂಡಿತು. ಎಡಗಣ್ಣಿನ ಗಾಜನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿ ಕೊಟ್ಟ. ಗಿರಾಕಿ ಮೆಟ್ಟಿಲು ಇಳಿಯಲಾರದೆ ಮುಗ್ಗರಿಸಿದ. ಇನ್ನೊಬ್ಬರದೂ ಹಾಗೇ ಆಯಿತು. ಆಮೇಲೆ ಒಂದು ದಿನ ಗೋಡೆಯ ಅಕ್ಷರಗಳ ಮುಂದೆ ನಿಂತು, ಗಿರಾಕಿಯನ್ನು ಮರೆತು, ತಾನೇ ತೊದಲುತ್ತ ಓದತೊಡಗಿದ. ಅಂಗಡಿ ಮುಚ್ಚಿದೆವು.

ಡಾಕ್ಟರು ಅವನ ಮೆದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು, ಎಲ್ಲಿ ಸವೆದಿದೆ, ಎಲ್ಲಿ ಸವೆಯಲಿದೆ ಎಂದು ತೋರಿಸಿದರು. ಅತ್ತಿಗೆ ಪರೀಕ್ಷಕರ ಹಾಗೆ ಪ್ರಶ್ನೆ ಕೇಳಿದರು. ಹೇಗೆ ಆಗುತ್ತದೆ ಎಂಬುದಕ್ಕೆಲ್ಲ ಉತ್ತರ ಬಂತು. “ನಿಲ್ಲಿಸೋದು ಹೇಗೆ?” ಎಂದಾಗ ಡಾಕ್ಟರು, “ಅದು ನಮಗೆ ಇನ್ನೂ ಗೊತ್ತಿಲ್ಲಮ್ಮ” ಎಂದರು. ಮಾತಾಡಿಸುತ್ತಿರಿ, ಹಳೆಯ ರೂಢಿಗಳನ್ನು ಬಿಡಬೇಡಿ ಎಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. “ಗೊತ್ತಿಲ್ಲ ಅನ್ನೋದು ವಿಜ್ಞಾನದ ಮರ್ಯಾದೆ ಅಂತ ಮಕ್ಕಳಿಗೆ ಹೇಳ್ತಿದ್ದೆ ಕಣೆ. ಎದುರಿಗೆ ಕೂತು ಕೇಳೋಕೆ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.” ಕಿಟಕಿಯ ಪಕ್ಕ ಕೂತಿದ್ದ ಅಣ್ಣ ರಸ್ತೆಯ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದ.

ಹಳೆಯ ರೂಢಿ ಎಂದರೆ ನಮ್ಮ ಮನೆಯಲ್ಲಿ ಇನ್ನೇನು? ಭಾನುವಾರದ ವಾದ ದಿನಾ ಬೆಳಗಿನ ವಾದವಾಯಿತು. ಅತ್ತಿಗೆ ಅದನ್ನೂ ಶಾಸ್ತ್ರೋಕ್ತವಾಗಿ ಮಾಡಿದರು. ನಿಯಮದಂತೆ ಮೊದಲು ಅಣ್ಣನ ಮಾತನ್ನು, ದೇವರ ಪಕ್ಷವನ್ನು, ಹೇಳಿ ನೋಡಿದರು. ಅವನು ತಲೆದೂಗಿ, ಅಷ್ಟಕ್ಕೇ ಸುಮ್ಮನಾಗಿ, ಕಿಟಕಿ ನೋಡುತ್ತಿದ್ದ. ಅದೇ ತಮ್ಮ ಪಕ್ಷ ಹೇಳಿದರೆ, “ದೇವರಿಲ್ಲ, ಎಲ್ಲ ತಾನಾಗಿ ಆಗಿದ್ದು” ಎಂದರೆ, ತಟ್ಟನೆ ಕಣ್ಣಿಗೆ ಕಳೆ ಬರುತ್ತಿತ್ತು, ಕುರ್ಚಿಯ ತುದಿಗೆ ಬಂದು ಹಳೆಯ ಅಣ್ಣನೇ ಆಗಿ ತಿರುಗಿಬೀಳುತ್ತಿದ್ದ.

“ಕೆಣಕಿದ್ರೆ ಮಾತ್ರ ಎದ್ದು ಬರ್ತಾರೆ,” ಎಂದರು ಅತ್ತಿಗೆ. ಹಾಗಾಗಿ ದೇವರ ಪಕ್ಷ ಹೇಳುವುದನ್ನು ಬಿಟ್ಟರು. ದಿನಾ ತಮ್ಮ ಪಕ್ಷವನ್ನೇ ಹೇಳಿದರು. ಕಣ್ಣಿನ ತೂತು ಹೇಳಿದರು, ಚುಕ್ಕೆ ಹೇಳಿದರು, ದೀಪ ಹೇಳಿದರು. ಅವನು ಎಷ್ಟು ಮಂಕಾಗಿದ್ದರೆ ಅಷ್ಟು ಜೋರಾಗಿ, ಅಷ್ಟು ಬಿಡಿಸಿ, ಮೊದಲ ಬೆಂಚಿನ ಮಗುವಿಗೆ ಹೇಳುವ ಹಾಗೆ ಹೇಳಿದರು. ಅವನ ಬೆಂಕಿಪೊಟ್ಟಣದ ಮಾತು ಹೊರಗೆ ಬಂದ ದಿನ ನನಗೂ ಖುಷಿಯಾಗಿ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಿದ್ದೆ.

“ಅವನ ಮೇಲೆ ಪ್ರಯೋಗ ಮಾಡ್ತಿದ್ದೀರಾ ಅತ್ತಿಗೆ?” ಎಂದು ಒಮ್ಮೆ ಕೇಳಿದೆ.

“ಹೌದು, ಪ್ರಯೋಗಾನೇ. ನನಗೆ ಬರೋದು ಅದೊಂದೇ.”

ಕೆಲವು ತಿಂಗಳು ಅದು ಫಲಿಸಿತು. ಆಮೇಲೆ ಅಣ್ಣನ ಉತ್ತರಗಳು ಗಿಡ್ಡವಾಗುತ್ತ ಬಂದವು. “ಹಾಗಲ್ಲ” ಎನ್ನುತ್ತಿದ್ದ, ಹೇಗೆ ಎಂಬುದು ಬರುತ್ತಿರಲಿಲ್ಲ. ಅತ್ತಿಗೆ ಇನ್ನಷ್ಟು ಜೋರು ಮಾಡಿದರು. ನಾನು ಒಳಗೆ ಮೇಣ ಕಾಯಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಹೆಚ್ಚುಹೆಚ್ಚು ಅತ್ತಿಗೆಯ ದನಿ ಒಂದೇ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಅತ್ತಿಗೆ ಬಾಯಿ ತೆರೆಯುವ ಮೊದಲೇ ಅಣ್ಣ ಶುರುಮಾಡಿದ. “ಕಣ್ಣು ಒಂದೇ ಏಟಿಗೆ ಆಗಿದ್ದಲ್ಲ. ಮೊದಲು ಒಂದು ಚುಕ್ಕೆ,” ಎಂದು ತೊಡಗಿ, ಗುಳಿ, ಮರಿಗಳು, ಕೋಟಿ ವರ್ಷ, ನರ, ತೂತು, ಎಲ್ಲವನ್ನೂ ತಪ್ಪಿಲ್ಲದೆ ಹೇಳಿ ಮುಗಿಸಿದ. ನಾನು ಕೆಲಸ ಬಿಟ್ಟು ಹೊರಗೆ ಬಂದೆ. ಅತ್ತಿಗೆಯ ಕಣ್ಣು ತುಂಬಿತ್ತು. ನಿಯಮ ನೆನಪಿದೆ ಇವರಿಗೆ, ಮೊದಲು ಎದುರಿನವರ ಮಾತು ಹೇಳುತ್ತಿದ್ದಾರೆ ಎಂದು ಅವರು ಹಿಗ್ಗಿದ್ದರು.

“ಪಾಸು, ಪಾಸು! ಈಗ ನಿಮ್ಮ ಮಾತು ಹೇಳಿ.”

“ಇದೇ ನನ್ನ ಮಾತು,” ಎಂದ ಅಣ್ಣ.

“ಅದು ನನ್ನದು ಡಾಕ್ಟ್ರೇ. ನಿಮ್ಮದು ದೇವರದ್ದು.”

“ಯಾವ ದೇವರು? ಎಲ್ಲ ತಾನಾಗಿ ಆಗಿದ್ದಲ್ವಾ ಮೇಷ್ಟ್ರೇ? ನೀವೇ ದಿನಾ ಹೇಳ್ತೀರಲ್ಲ.”

ಅವನ ಮಾತು ಉಳಿಯಲಿ ಎಂದು ಅತ್ತಿಗೆ ದಿನವೂ ತಮ್ಮ ಮಾತನ್ನು ಎರೆದಿದ್ದರು. ಉಳಿದದ್ದು ಎರೆದದ್ದೇ. ಒಂದು ಜನ್ಮವಿಡೀ ವಾದಿಸಿ ಗೆಲ್ಲಲಾಗದ್ದನ್ನು ಅತ್ತಿಗೆ ಕೈಯಾರೆ ಗೆದ್ದುಬಿಟ್ಟಿದ್ದರು.

ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ದೇವರಿಗೆ ಒಬ್ಬ ಭಕ್ತ ಕಡಿಮೆಯಾದರೆ ಏನು ನಷ್ಟ? ನಷ್ಟವಾದದ್ದು ಪುಟ್ಟಿಯದು. ಅವನು ಎಲ್ಲ ಮರೆತರೂ ಪುಟ್ಟಿಯನ್ನು ಮರೆತಿರಲಿಲ್ಲ. ಕಾಯಿಲೆಯ ಮೊದಲ ದಿನಗಳಲ್ಲಿ “ಪುಟ್ಟಿ ಎಲ್ಲಿ?” ಎಂದು ಕೇಳುತ್ತಿದ್ದ, ನಾವು ಉತ್ತರ ಹುಡುಕುವಷ್ಟರಲ್ಲಿ ತಾನೇ “ಹಾಂ, ದೇವರ ಹತ್ತಿರ” ಎಂದು ಸಮಾಧಾನಗೊಳ್ಳುತ್ತಿದ್ದ. ಈಗಲೂ ಕೇಳುತ್ತಿದ್ದ. ಈಗಲೂ ತಾನೇ ಉತ್ತರ ಹೇಳಿಕೊಳ್ಳುತ್ತಿದ್ದ: “ಎಲ್ಲೂ ಇಲ್ಲ. ದೀಪ ಆರಿದ ಮೇಲೆ ಬೆಳಕು ಎಲ್ಲಿಗೂ ಹೋಗಲ್ಲ.” ಹೇಳಿ, ಆಗ ತಾನೇ ಸುದ್ದಿ ಬಂದವನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅತ್ತದ್ದು ಮರೆತು ಮತ್ತೆ ಕೇಳುತ್ತಿದ್ದ. ಮಗು ಒಂದು ಸಲ ಸತ್ತಿತ್ತು. ಈಗ ನಮ್ಮ ಮನೆಯಲ್ಲಿ ದಿನಾ ಸಾಯುತ್ತಿತ್ತು.

ನಾನು ತಡೆಯಲಾರದೆ, “ದೇವರ ಹತ್ತಿರ ಇದ್ದಾಳೆ ಅಣ್ಣ, ಅಳಬೇಡ” ಎಂದೆ. “ಸಾಕ್ಷಿ?” ಎಂದ ಅಳುತ್ತಲೇ. ಪ್ರಾರ್ಥನಾ ಮಂದಿರದಲ್ಲಿ ಅವನ ಪಕ್ಕದಲ್ಲೇ ಕೂರುತ್ತಿದ್ದ ಹಳೆಯ ಗೆಳೆಯನನ್ನು ಕರೆಸಿದೆವು. ಗೆಳೆಯ ಬಂದು, ಕೈ ಹಿಡಿದು, ಸೃಷ್ಟಿಯ ಸೊಬಗನ್ನೆಲ್ಲ ವರ್ಣಿಸಿದ. ಅಣ್ಣ ಕೇಳಿ, ಕಣ್ಣಿನ ತೂತಿನಿಂದ ಶುರುಮಾಡಿ, ಅವನನ್ನು ಅಡ್ಡಡ್ಡ ಮಲಗಿಸಿದ. ಆ ಮನುಷ್ಯ ಮುಖ ಸಪ್ಪಗೆ ಮಾಡಿಕೊಂಡು ಚಹಾ ಕುಡಿಯದೆ ಹೋದ. ಒಳ್ಳೆಯ ಮೇಷ್ಟ್ರು ಕಲಿಸಿದ್ದು ಸುಮ್ಮನೆ ಹೋಗುತ್ತದೆಯೇ?

ಕೊನೆಗೆ ಅತ್ತಿಗೆಯೇ ಕೂತರು. ಅಣ್ಣನ ಮಾತುಗಳು ಅವರಿಗೆ ಅವನಿಗಿಂತ ಚೆನ್ನಾಗಿ ಬರುತ್ತಿದ್ದವು. ಅಷ್ಟು ವರ್ಷ ಮೊದಲು ಎದುರಿನವರ ಮಾತು ಎಂದು ಹೇಳಿ ಹೇಳಿ ಅವೆಲ್ಲ ಬಾಯಿಪಾಠ. ಆದರೂ ಸೋಲುತ್ತಿದ್ದರು, ಯಾಕೆಂದರೆ ಅತ್ತಿಗೆಗೆ ನಂಬಿದವರ ಹಾಗೆ ಮಾತಾಡಲು ಬರುತ್ತಿರಲಿಲ್ಲ. “ಒಬ್ಬ ಕರ್ತೃ ಇದ್ದಾನೆ ಅಂತ ಕೆಲವರ ಅಭಿಪ್ರಾಯ” ಎನ್ನುತ್ತಿದ್ದರು. “ಸತ್ತವರು ಮತ್ತೆ ಸಿಗಬಹುದು ಅನ್ನೋ ಭಾವನೆ ಇದೆ” ಎನ್ನುತ್ತಿದ್ದರು. ಅಣ್ಣ ಎರಡೇ ಪ್ರಶ್ನೆಯಲ್ಲಿ ಅದನ್ನು ಕೆಡವಿ, ಗೆದ್ದು, ಗೆದ್ದದ್ದಕ್ಕೆ ಅಳುತ್ತಿದ್ದ.

ಒಂದು ಮಧ್ಯಾಹ್ನ ನನ್ನ ತಾಳ್ಮೆ ಕೆಟ್ಟಿತು. ಅಡುಗೆಮನೆಗೆ ಹೋಗಿ ಅತ್ತಿಗೆಯ ಎದುರು ನಿಂತೆ.

“ದೇವರನ್ನ ಯಾರಾದ್ರೂ ಕೆಲವರ ಅಭಿಪ್ರಾಯ ಅಂತಾರಾ ಅತ್ತಿಗೆ? ಇದ್ದಾನೆ, ಪುಟ್ಟಿ ಅಲ್ಲಿದ್ದಾಳೆ, ನಾನು ನಂಬ್ತೀನಿ ಅಂತ ಒಂದು ಸಲ ಹೇಳಿಬಿಡಿ. ಒಂದೇ ಒಂದು ಸುಳ್ಳು! ನಿಮ್ಮ ಗಂಟೇನು ಹೋಗುತ್ತೆ?”

ಅತ್ತಿಗೆ ತೊಳೆಯುತ್ತಿದ್ದ ಲೋಟವನ್ನು ಕೆಳಗಿಟ್ಟರು. “ಆಸ್ಪತ್ರೇಲಿ ಪುಟ್ಟಿ ಕೇಳಿದ್ಲು. ‘ಅಮ್ಮಾ, ನಾನು ಸಾಯ್ತೀನಾ?’ ಅಂತ. ಡಾಕ್ಟರು ಏನೂ ಹೇಳೋಕಾಗಲ್ಲ ಅಂದಿದ್ರು. ನಾನು ‘ಗೊತ್ತಿಲ್ಲ ಕಂದಾ’ ಅಂದೆ.”

ಈ ಮಾತು ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು.

“ಇಲ್ಲ ಅಂತ ಹೇಳಬಹುದಾಗಿತ್ತು ಕಣೆ. ಎರಡಕ್ಷರದ ಮಾತು. ಆರು ವರ್ಷದ ಮಗೂಗೆ ಹೇಳದೇ ಇದ್ದ ಸುಳ್ಳನ್ನ ಈಗ ಅವಳ ಅಪ್ಪಂಗೆ ಹೇಳಿದ್ರೆ, ‘ಆವತ್ತು ನನಗ್ಯಾಕೆ ಹೇಳಲಿಲ್ಲಮ್ಮಾ’ ಅಂತ ಅವಳು ಕೇಳಲ್ವಾ?”

ಎಲ್ಲೂ ಇಲ್ಲದವಳು ಹೇಗೆ ಕೇಳುತ್ತಾಳೆ ಎಂದು ನಾನು ಕೇಳಲಿಲ್ಲ. ನನಗೂ ಅಷ್ಟು ಬುದ್ಧಿಯಿದೆ. ನಲ್ಲಿ ನಿಲ್ಲಿಸಿ ನನ್ನ ಕೋಣೆಗೆ ಹೋದೆ. ಕೂರಿಸಬೇಕಾದ ಹಲ್ಲನ್ನೆಲ್ಲ ಸೊಟ್ಟ ಕೂರಿಸಿದೆ.

ಆ ವಾರದಲ್ಲೇ ಅಣ್ಣ ಅತ್ತಿಗೆಯನ್ನೂ ಮರೆತ. ಮೇಜಿನಲ್ಲಿ ಮೊದಲಿಂದಲೂ ‘ನೀವು’ ಎನ್ನುತ್ತಿದ್ದನಾದ್ದರಿಂದ ನಮಗೆ ಬೇಗ ತಿಳಿಯಲಿಲ್ಲ. ಮೇಜಿನ ಎದುರು ದಿನಾ ಬಂದು ಕೂರುವ ಯಾರೋ ಮೇಷ್ಟ್ರಮ್ಮ ಎಂದುಕೊಂಡಿದ್ದ. ಒಳ್ಳೆಯವರು, ತಿಳಿದವರು ಎಂದು ನನ್ನ ಹತ್ತಿರ ಹೊಗಳಿದ. “ಪಾಪ, ಒಬ್ಬರೇ ಇರಬೇಕು,” ಎಂದ.

ಕೊನೆಯ ವಾದ ಒಂದು ಭಾನುವಾರ ನಡೆಯಿತು. ಊಟವಾಗಿತ್ತು. ಕೆಮ್ಮು ಹಿಡಿದು ಅಣ್ಣ ಬಹಳ ಇಳಿದುಹೋಗಿದ್ದ. ನಾನು ಮೇಜು ಒರೆಸುತ್ತಿದ್ದೆ. ಅವನ ಕೈ ತಾನಾಗಿ ಮುಂದೆ ಬಂದು ಅತ್ತಿಗೆಯ ಕನ್ನಡಕ ಬಿಡಿಸಿಕೊಂಡಿತು. ಎದುರಿಗಿರುವವರು ಯಾರೆಂದು ತಿಳಿಯದಿದ್ದರೂ ಗಾಜಿನ ಮೇಲಿನ ಕಲೆ ಅವನಿಗೆ ತಿಳಿಯುತ್ತಿತ್ತು. ಜೇಬಿನಲ್ಲಿ ಬಟ್ಟೆ ಹುಡುಕಿ ಒರೆಸತೊಡಗಿದ. ಒರೆಸುತ್ತಲೇ ಕೇಳಿದ, “ಪುಟ್ಟಿ ಎಲ್ಲಿ?”

ಅವನೇ ‘ಎಲ್ಲೂ ಇಲ್ಲ’ ಎನ್ನುವ ಮೊದಲೇ ಅತ್ತಿಗೆ ಮಾತಾಡಿದರು. ಕನ್ನಡಕವಿಲ್ಲದ ಕಣ್ಣುಗಳನ್ನು ಅವನ ಮುಖವಿರಬಹುದಾದ ಕಡೆಗೆ ನೆಟ್ಟು ಮಾತಾಡಿದರು.

“ದೇವರ ಹತ್ತಿರ ಇದ್ದಾಳೆ.”

“ದೀಪ ಆರಿದ ಮೇಲೆ ಬೆಳಕು…”

“ಆರಿಸಿದವನು ಒಬ್ಬ ಇದ್ದಾನಲ್ಲ, ಅವನ ಜೇಬಲ್ಲಿ ಬೆಂಕಿಪೊಟ್ಟಣ ಇರುತ್ತೆ. ಇಟ್ಕೊಂಡೇ ಇರ್ತಾನೆ.”

ಅಣ್ಣನ ಕೈ ನಿಂತಿತು. “ಭಾಳ ಚೆನ್ನಾಗಿದೆ ಮಾತು. ಯಾರು ಹೇಳಿದ್ದು?”

“ನನ್ನ ಗಂಡ.”

“ಬುದ್ಧಿವಂತ.” ಸಾಕ್ಷಿ ಕೇಳುತ್ತಾನೆಂದು ನಾನು ಒದ್ದೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ನಿಂತಿದ್ದೆ. ಅವನು ಬೇರೆಯದೇ ಕೇಳಿದ. “ನೀವು ಅದನ್ನ ನಂಬ್ತೀರಾ?”



“ನಂಬ್ತೀನಿ,” ಎಂದರು ಅತ್ತಿಗೆ. “ಪುಟ್ಟಿ ಅಲ್ಲಿದ್ದಾಳೆ. ನೀವು ಬರ್ತೀರಿ ಅಂತ ಕಾಯ್ತಾ ಇದ್ದಾಳೆ.”

“ಹಾಗಾದ್ರೆ ಸರಿ,” ಎಂದ ಅಣ್ಣ. ಅವನ ಹೆಗಲು ಇಳಿಯಿತು. “ಮೇಷ್ಟ್ರು ಸುಳ್ಳು ಹೇಳಲ್ಲ.”

ಒರೆಸಿದ ಕನ್ನಡಕವನ್ನು ಅವರ ಮೂಗಿನ ಮೇಲೆ ಕೂರಿಸಿ, ಎರಡು ಕೈಯಿಂದ ಕಡ್ಡಿ ಸರಿಮಾಡಿ, ತಲೆ ಹಿಂದಕ್ಕೆ ತೆಗೆದು ನೋಡಿದ. “ಹೀಗೆ ಚೆನ್ನಾಗಿದೆಯಾ, ಹಾಗೆ ಚೆನ್ನಾಗಿದೆಯಾ?” ಎಂದ.

“ಹೀಗೇ ಚೆನ್ನಾಗಿದೆ,” ಎಂದರು ಅತ್ತಿಗೆ. ಗಾಜಿನ ಹಿಂದೆ ಕಣ್ಣೀರು ಸುರಿಯುತ್ತಿತ್ತು. ಅವನು ಆಗಲೇ ಕಿಟಕಿಯ ಕಡೆ ತಿರುಗಿದ್ದ.

ಆಮೇಲೂ ಅವನು ದಿನಾ ಕೇಳುತ್ತಿದ್ದ, ಅತ್ತಿಗೆ ದಿನಾ ಅದೇ ಉತ್ತರ ಕೊಡುತ್ತಿದ್ದರು. ಅಷ್ಟು ವರ್ಷ ಬಾಯಿಗೆ ಬಾರದಿದ್ದ ಮಾತು ಆಮೇಲೆ ತಡೆಯಲಿಲ್ಲ. ಅವನು “ಹಾಗಾದ್ರೆ ಸರಿ” ಎಂದು ಸುಮ್ಮನಾಗುತ್ತಿದ್ದ, ಅಳುತ್ತಿರಲಿಲ್ಲ. ಕೆಮ್ಮು ಎದೆಗೆ ಇಳಿದು, ಒಂದು ಬೆಳಿಗ್ಗೆ, ನಾವಿಬ್ಬರೂ ಪಕ್ಕದಲ್ಲಿರುವಾಗಲೇ, ಅಣ್ಣ ಹೋದ. “ಬರ್ತೀನಿ ಕಂದಾ” ಎಂದನೋ ಅಥವಾ ಬರಿ ಉಸಿರೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಅತ್ತಿಗೆ ಕೇಳಿಸಿತು ಎಂದರು. ಮೊದಲಾಗಿದ್ದರೆ ಅದನ್ನು ಹಾಗೇ ನಂಬುತ್ತಿದ್ದೆ. ಈಗ ಅವರ ಮಾತನ್ನೂ ತೂಗಿ ನೋಡಬೇಕಾಗಿದೆ.

ಬಂದವರೆಲ್ಲ ಬಂದು ಹೋದರು. ಮುಂದಿನ ಭಾನುವಾರ ನಾವಿಬ್ಬರೇ ಉಂಡೆವು. ನಾನು ತಟ್ಟೆ ಎತ್ತಿ, ಮೇಜು ಒರೆಸಿ, ಚಹಾಕ್ಕೆ ನೀರಿಟ್ಟೆ. ಮೂರು ಲೋಟ ತೆಗೆದಿಟ್ಟಿದ್ದೇನೆ ಎಂದು ಆಮೇಲೆ ನೋಡಿಕೊಂಡೆ. ಅತ್ತಿಗೆ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕದ ತುಂಬ ಬೆರಳಿನ ಗುರುತು.

ನನಗೆ ಸುಮ್ಮನಿರುವ ಅಭ್ಯಾಸವಿಲ್ಲ. “ಅತ್ತಿಗೆ, ಅಣ್ಣಂಗೆ ಹೇಳಿದ್ರಲ್ಲ, ನಂಬ್ತೀನಿ ಅಂತ. ಒಂದು ಚೂರಾದ್ರೂ ನಿಜ ಇತ್ತಾ?”

ಅವರು ಎದುರಿನ ಖಾಲಿ ಕುರ್ಚಿಯ ಕಡೆ ತಿರುಗಿದರು.

“ಈ ಮೇಜಿನ ನಿಯಮ ಮರೆತೆಯಾ? ಮೊದಲು ಎದುರಿನವರ ಮಾತು ಹೇಳಬೇಕು. ಅವರೇ ತಲೆದೂಗೋ ಹಾಗೆ ಹೇಳಬೇಕು. ಹೇಳಿದೆ. ಅವರು ಪಾಸೂ ಮಾಡಿದ್ರು.”

“ಆಮೇಲೆ?”

“ಆಮೇಲೆ ನನ್ನ ಮಾತು,” ಎಂದರು. “ಅದನ್ನ ಯಾರಿಗೆ ಹೇಳಲಿ ಕಣೆ?”

ನೀರು ಕುದಿದು ಉಕ್ಕುತ್ತಿತ್ತು. ನಾನು ಎದ್ದು ಹೋಗಿ ಒಲೆ ಆರಿಸಿ ಬಂದೆ.